ಪಂಚಾಯಿತಿ ಇಲ್ಲದ ಊರಿಗೆ ಯಾರು ದಿಕ್ಕು?

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ಮೇನ್ ರಾಜ್ಯದ ನಕ್ಷೆಯನ್ನು ಬಿಡಿಸಿದರೆ ಉತ್ತರ ಭಾಗವೆಲ್ಲ ಚೌಕುಳಿ ಬಟ್ಟೆ ಹಾಸಿದಂತೆ ಕಾಣುತ್ತದೆ. ಒಂದೊಂದು ಚೌಕವೂ ಒಂದು ಟೌನ್‌ಶಿಪ್. ಅವುಗಳಲ್ಲಿ 400ಕ್ಕೂ ಹೆಚ್ಚು ಟೌನ್‌ಶಿಪ್‌ಗಳಿಗೆ ಪುರಸಭೆಯೂ ಇಲ್ಲ, ನಮ್ಮ ಗ್ರಾಮ ಪಂಚಾಯಿತಿಯಂಥದ್ದೂ ಇಲ್ಲ. ಸರ್ಕಾರಿ ದಾಖಲೆಗಳಲ್ಲಿ ಇವೆಲ್ಲಕ್ಕೂ ಸೇರಿ 'ಅನ್‌ಆರ್ಗನೈಸ್ಡ್ ಟೆರಿಟರಿ' ಎಂಬ ಒಂದೇ ಹೆಸರು. ರಾಜ್ಯದ ಹೆಚ್ಚುಕಡಿಮೆ ಅರ್ಧ ನೆಲ ಇದರಲ್ಲೇ ಇದೆ. ವರ್ಷವಿಡೀ ಇರುವ ಜನ ಮಾತ್ರ ಸುಮಾರು 9,000. ಇಂಥ ಊರುಗಳ ಬಗ್ಗೆ ಹೊರಗಿನವರಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಒರೆಗೆ ಹಚ್ಚಿ ನೋಡೋಣ.

ತಪ್ಪು ಕಲ್ಪನೆ: ಟೌನ್‌ಶಿಪ್ ಎಂದ ಮೇಲೆ ಅಲ್ಲೊಂದು ಊರು ಇರಲೇಬೇಕು.

ಸತ್ಯ: ಇಲ್ಲಿ ಅದು ಸರ್ವೆಯವರು ಎಳೆದ ಗೆರೆ ಮಾತ್ರ. ಆರು ಮೈಲಿ ಉದ್ದ, ಆರು ಮೈಲಿ ಅಗಲ, ಸುಮಾರು 23,000 ಎಕರೆ. 1820ರಲ್ಲಿ ಮೇನ್ ಪ್ರತ್ಯೇಕ ರಾಜ್ಯವಾದಾಗ, ಜನ ಬಂದು ನೆಲೆಸಿ ಊರು ಕಟ್ಟುತ್ತಾರೆ ಎಂಬ ಲೆಕ್ಕಾಚಾರವಿತ್ತು. ಶಾಲೆಯಂಥ ಸಾರ್ವಜನಿಕ ಉಪಯೋಗಕ್ಕೆಂದು ಜಮೀನನ್ನೂ ಮೀಸಲಿಟ್ಟಿದ್ದರು. ಆದರೆ ಆ ಚಳಿಗೆ, ಆ ಕಲ್ಲುನೆಲಕ್ಕೆ ಜನ ಹೆಚ್ಚಾಗಿ ಬರಲಿಲ್ಲ. ಮರದ ವ್ಯಾಪಾರಿಗಳು, ಕಾಗದದ ಕಂಪನಿಗಳು ಬಂದವು. ಎಷ್ಟೋ ಚೌಕಗಳಿಗೆ ಇವತ್ತಿಗೂ 'ಟಿ5 ಆರ್11' ಎಂಬಂಥ ಸರ್ವೆ ಗುರುತೇ ಹೆಸರು. ಒಬ್ಬ ನಿವಾಸಿಯೂ ಇಲ್ಲದ ಚೌಕಗಳೂ ಇವೆ.

ತಪ್ಪು ಕಲ್ಪನೆ: ಪಂಚಾಯಿತಿ ಇಲ್ಲ ಎಂದರೆ ತೆರಿಗೆಯೂ ಇಲ್ಲ.

ಸತ್ಯ: ಆಸ್ತಿ ತೆರಿಗೆ ಇದೆ. ಬಿಲ್ಲು ರಾಜಧಾನಿ ಅಗಸ್ಟಾದಲ್ಲಿರುವ ರಾಜ್ಯ ಕಂದಾಯ ಇಲಾಖೆಯಿಂದ ಬರುತ್ತದೆ. ರಸ್ತೆ, ಕಸ ವಿಲೇವಾರಿಯಂಥ ಕೆಲಸಗಳನ್ನು ನಮ್ಮ ಜಿಲ್ಲೆಗೆ ಸಮನಾದ ಕೌಂಟಿ ಮಾಡುತ್ತದೆ. ಆ ಖರ್ಚನ್ನು ಆಯಾ ಕೌಂಟಿಯ ಇಂಥ ಟೌನ್‌ಶಿಪ್‌ಗಳೇ ಹಂಚಿಕೊಳ್ಳಬೇಕು. ಶಿಕ್ಷಣದಂಥ ರಾಜ್ಯಮಟ್ಟದ ಖರ್ಚು ಮಾತ್ರ ಎಲ್ಲ ಟೌನ್‌ಶಿಪ್‌ಗಳ ಮೇಲೂ ಬೀಳುತ್ತದೆ. ಹಾಗಾಗಿ ತೆರಿಗೆ ದರ ಕೌಂಟಿಯಿಂದ ಕೌಂಟಿಗೆ ಬೇರೆ. ಈ ಖರ್ಚುವೆಚ್ಚಕ್ಕೆ ರಾಜ್ಯದ ಶಾಸಕಾಂಗವೇ ವರ್ಷವರ್ಷ ಒಪ್ಪಿಗೆ ಕೊಡಬೇಕು. ಕಾಡಿಗೆ ಬೇರೆಯೇ ಲೆಕ್ಕ. 1972ರ ಕಾಯ್ದೆಯ ಅಡಿ ನೋಂದಾಯಿಸಿದ ಕಾಡಿನ ಜಮೀನಿಗೆ ಮಾರುಕಟ್ಟೆ ದರ ನೋಡದೆ, ಅಲ್ಲಿ ಮರ ಎಷ್ಟು ಬೆಳೆಯುತ್ತದೆ ಎಂಬುದರ ಮೇಲೆ ಬೆಲೆ ಕಟ್ಟುತ್ತಾರೆ. ಆಮೇಲೆ ಅದನ್ನು ಸೈಟು ಮಾಡಿ ಮಾರಲು ಹೊರಟರೆ ದಂಡ ತೆರಬೇಕು.

ತಪ್ಪು ಕಲ್ಪನೆ: ಅಲ್ಲಿನವರಿಗೆ ಶಾಲೆ, ಪೊಲೀಸು, ಅಗ್ನಿಶಾಮಕ ಯಾವುದೂ ಸಿಗುವುದಿಲ್ಲ.

ಸತ್ಯ: ಸಿಗುತ್ತದೆ, ಆದರೆ ದೂರದಿಂದ ಬರಬೇಕು. ಮಕ್ಕಳ ಓದು ನೇರವಾಗಿ ರಾಜ್ಯ ಶಿಕ್ಷಣ ಇಲಾಖೆಯ ಹೊಣೆ. ಎಡ್ಮಂಡ್ಸ್, ಕಿಂಗ್‌ಮನ್‌ನಂಥ ಟೌನ್‌ಶಿಪ್‌ಗಳಲ್ಲಿ ಇಲಾಖೆ ತಾನೇ ಶಾಲೆ ನಡೆಸಿದೆ. ಶಾಲೆ ಇಲ್ಲದ ಕಡೆಯ ಮಕ್ಕಳನ್ನು ಪಕ್ಕದೂರಿನ ಶಾಲೆಗೆ ಕಳಿಸಿ ಶುಲ್ಕ ಕಟ್ಟುತ್ತದೆ. ಮನೆಗೆ ಬೆಂಕಿ ಬಿದ್ದರೆ, ಕೌಂಟಿಯೊಡನೆ ಒಪ್ಪಂದ ಮಾಡಿಕೊಂಡ ಹತ್ತಿರದ ಊರಿನ ಅಗ್ನಿಶಾಮಕ ದಳ ಬರುತ್ತದೆ. ಕಾಡ್ಗಿಚ್ಚಾದರೆ ರಾಜ್ಯದ ಅರಣ್ಯ ರೇಂಜರುಗಳು. ಕಳ್ಳತನವಾದರೆ ಕೌಂಟಿಯ ಶೆರಿಫ್ ಅಥವಾ ರಾಜ್ಯ ಪೊಲೀಸರು. ನೀರಿಗೆ ಸಾಮಾನ್ಯವಾಗಿ ಸ್ವಂತ ಬಾವಿ, ಕೊಳಚೆಗೆ ಸ್ವಂತ ಗುಂಡಿ.

ತಪ್ಪು ಕಲ್ಪನೆ: ಕೇಳುವವರಿಲ್ಲ, ಏನು ಬೇಕಾದರೂ ಕಟ್ಟಬಹುದು.

ಸತ್ಯ: ಸರೋವರದ ದಂಡೆಯಲ್ಲಿ ಮರದ ಮನೆ ಕಟ್ಟಬೇಕಾದರೂ ರಾಜ್ಯದ ಭೂಬಳಕೆ ಯೋಜನಾ ಆಯೋಗದ ಪರವಾನಗಿ ಬೇಕು. ನೀರಿನಿಂದ ಎಷ್ಟು ದೂರ ಬಿಡಬೇಕು, ಎಷ್ಟು ಮರ ಕಡಿಯಬಹುದು ಎಂಬುದಕ್ಕೂ ನಿಯಮವಿದೆ. ಈ ವ್ಯವಸ್ಥೆಯ ಬೇರು 1969ರ ಕಾಯ್ದೆಯಲ್ಲಿದೆ. 2012ರಲ್ಲಿ ಆಯೋಗಕ್ಕೆ ಈಗಿನ ಹೆಸರು ಬಂತು. ಒಂಬತ್ತು ಸದಸ್ಯರಲ್ಲಿ ಎಂಟು ಮಂದಿಯನ್ನು ಹೆಸರಿಸುವ ಅಧಿಕಾರವೂ ಕೌಂಟಿಗಳಿಗೆ ಸಿಕ್ಕಿತು.

ತಪ್ಪು ಕಲ್ಪನೆ: ಕಾಡಿನೊಳಗಿನ ರಸ್ತೆಗಳೆಲ್ಲ ಸರ್ಕಾರದ್ದು.

ಸತ್ಯ: ಬಹಳಷ್ಟು ರಸ್ತೆಗಳು ಖಾಸಗಿ. ಮಿಲಿನಾಕೆಟ್‌ನಿಂದ ಕೆನಡಾದ ಗಡಿಯತ್ತ ಸಾಗುವ, ಸುಮಾರು 96 ಮೈಲಿ ಉದ್ದದ 'ಗೋಲ್ಡನ್ ರೋಡ್' ಅನ್ನು ಕಟ್ಟಿಸಿದ್ದು ಗ್ರೇಟ್ ನಾರ್ದರ್ನ್ ಪೇಪರ್ ಕಂಪನಿ. ಅಲ್ಲಿ ಮೊದಲ ಹಕ್ಕು ದಿಮ್ಮಿ ಲಾರಿಗಳದು. ಎದುರಿಗೆ ಲೋಡ್ ಲಾರಿ ಬಂದರೆ ಕಾರಿನವರೇ ಪಕ್ಕಕ್ಕೆ ಸರಿದು ನಿಲ್ಲಬೇಕು. ವಾಯವ್ಯದ ಸುಮಾರು 35 ಲಕ್ಷ ಎಕರೆಯ 'ನಾರ್ತ್ ಮೇನ್ ವುಡ್ಸ್' ಪ್ರದೇಶಕ್ಕೆ ಹೋಗುವವರು ಗೇಟಿನಲ್ಲಿ ಹೆಸರು ಬರೆಸಿ, ಶುಲ್ಕ ಕಟ್ಟಿ ಒಳಗೆ ಹೋಗುತ್ತಾರೆ.

ತಪ್ಪು ಕಲ್ಪನೆ: ಒಮ್ಮೆ ಊರಾಡಳಿತ ಬಂದರೆ ಅದು ಶಾಶ್ವತ.

ಸತ್ಯ: ಊರಾಡಳಿತವನ್ನು ಜನರೇ ಮತ ಹಾಕಿ ವಿಸರ್ಜಿಸಬಹುದು. ಮ್ಯಾಡ್ರಿಡ್ 2000ದಲ್ಲಿ, ಬ್ಯಾನ್‌ಕ್ರಾಫ್ಟ್ 2015ರಲ್ಲಿ, ಅಟ್ಕಿನ್ಸನ್ 2019ರಲ್ಲಿ ಹೀಗೆ ಮಾಡಿದವು. ಜನಸಂಖ್ಯೆ ಕರಗಿ, ಅಧಿಕಾರ ವಹಿಸಿಕೊಳ್ಳಲು ಯಾರೂ ಮುಂದೆ ಬಾರದೆ, ಉಳಿದ ಕೆಲವೇ ಮನೆಗಳ ಮೇಲೆ ತೆರಿಗೆಯ ಹೊರೆ ಏರಿದಾಗ ಈ ಮಾತು ಏಳುತ್ತದೆ. ಆದರೆ ದಾರಿ ಸುಲಭವಲ್ಲ. ಅರ್ಜಿ, ಮೊದಲ ಮತದಾನ, ಶಾಸಕಾಂಗದ ಒಪ್ಪಿಗೆ, ಕೊನೆಗೆ ಮೂರನೇ ಎರಡರಷ್ಟು ಬಹುಮತ ಎಲ್ಲವೂ ಬೇಕು. ಊರು ಮಾಡಿದ್ದ ಹಳೆಯ ಸಾಲವೂ ವಿಸರ್ಜನೆಯೊಂದಿಗೆ ಮನ್ನಾ ಆಗುವುದಿಲ್ಲ.

ತೆರಿಗೆ ಇಳಿಯುವ ಸಾಧ್ಯತೆ ಹೆಚ್ಚು. ಅದರ ಜೊತೆಗೆ ಕೈತಪ್ಪುವುದು ಊರಸಭೆ. ಮೇನ್‌ನ ಸಣ್ಣ ಊರುಗಳಲ್ಲಿ ಜನ ವರ್ಷಕ್ಕೊಮ್ಮೆ ಒಂದೆಡೆ ಸೇರಿ, ರಸ್ತೆಗೆಷ್ಟು, ಶಾಲೆಗೆಷ್ಟು ಎಂದು ಬಾಬ್ತು ಬಾಬ್ತಿಗೂ ಕೈ ಎತ್ತಿ ತೀರ್ಮಾನಿಸುತ್ತಾರೆ. ವಿಸರ್ಜನೆಯಾದ ಮೇಲೂ ಕೌಂಟಿ, ರಾಜ್ಯ, ದೇಶದ ಚುನಾವಣೆಗಳಲ್ಲಿ ಅವರಿಗೆ ಮತ ಇದ್ದೇ ಇರುತ್ತದೆ. ಆದರೆ ಗುಂಡಿ ಬಿದ್ದ ರಸ್ತೆಯ ದೂರು ಕೌಂಟಿಗೆ, ಮನೆಯ ನಕ್ಷೆ ಆಯೋಗಕ್ಕೆ, ತೆರಿಗೆಯ ತಕರಾರು ಅಗಸ್ಟಾಕ್ಕೆ. ಎಷ್ಟು ಡಾಲರ್ ಉಳಿಯಿತು ಎಂದು ಲೆಕ್ಕ ಹಾಕುವವರು ಈ ಓಡಾಟವನ್ನೂ ಖರ್ಚಿನ ಬಾಬ್ತಿಗೆ ಸೇರಿಸಿಕೊಳ್ಳಬೇಕು.