ನೀರಿಲ್ಲದ ವರ್ಷ ಪ್ಲಾಟು ಕೊಳ್ಳುವವರು ಯಾರು?

ಸಿಂಧನೂರಿನಿಂದ ಮಸ್ಕಿ ಮೇಲೆ ಹಾದು ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ಅಕ್ಕಪಕ್ಕದ ಎರೆಹೊಲಗಳಲ್ಲಿ ಗಡಿಕಲ್ಲು ನೆಟ್ಟು, ಮರಂ ಸುರಿದು ರಸ್ತೆ ಮಾಡಿ, ಪ್ಲಾಟು ಮಾರುವುದು ಈಗ ಯಾರಿಗೂ ಹೊಸದಲ್ಲ. ಭತ್ತ ಮಾರಿದ ಹಣ, ನೌಕರಿಯಲ್ಲಿ ಉಳಿಸಿದ ಹಣ, ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು ಕಳಿಸಿದ ಹಣ ಎಲ್ಲವೂ ಅಲ್ಲಿಗೆ ಬಂದು ಸೇರುತ್ತದೆ. ಬೆಲೆ ಎಷ್ಟು ಏರೀತು ಎಂದು ಎಲ್ಲರೂ ಕೇಳುತ್ತಾರೆ. ನಮಗೆ ಹಣ ಬೇಕಾದಾಗ ಆ ಪ್ಲಾಟನ್ನು ಯಾರು ಕೊಳ್ಳುತ್ತಾರೆ ಎಂದು ಕೇಳುವವರು ಕಡಿಮೆ. ಈ ಸೀಮೆಯಲ್ಲಿ ಮನೆ-ನಿವೇಶನದ ಮೇಲೆ ಹಣ ಹೂಡುವವರಿಗೆ ದೊಡ್ಡ ಅಪಾಯ ಇರುವುದು ಈ ಎರಡನೆಯ ಪ್ರಶ್ನೆಯಲ್ಲೇ ಎಂಬುದು ನನ್ನ ವಾದ. ಏಕೆಂದರೆ ಇಲ್ಲಿ ಮಾರುವ ಗರಜು ಒಂದೇ ಸಲಕ್ಕೆ ಊರಿಗೆ ಊರೇ ಎದುರಿಸುವಂಥದ್ದು.

ಸಿಂಧನೂರಿನ ಹಣದ ಬೇರು ತುಂಗಭದ್ರಾ ಎಡದಂಡೆ ನಾಲೆಯಲ್ಲಿದೆ. ರೈಸ್ ಮಿಲ್ಲು, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಷೋರೂಮು, ಬಂಗಾರದ ಅಂಗಡಿ, ಬಟ್ಟೆ ಅಂಗಡಿ ಎಲ್ಲವೂ ನಾಲೆಯ ನೀರನ್ನೇ ನೋಡಿಕೊಂಡಿವೆ. ಆ ನೀರು ಮೊದಲಿನಷ್ಟು ಖಾತ್ರಿಯಾಗಿ ಉಳಿದಿಲ್ಲ. 1953ರಲ್ಲಿ ಕಟ್ಟಿ ಮುಗಿಸಿದಾಗ 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2023ರ ಬರದಲ್ಲಿ ಎರಡನೆಯ ಬೆಳೆಗೆ ನೀರು ಸಿಗಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ಆಮೇಲೆ ಮಳೆ ಬಂದು ಜಲಾಶಯ ಮತ್ತೆ ತುಂಬಿದ್ದರಿಂದ ಆ ವರ್ಷ ರೈತರು ಬಚಾವಾದರು. ಆದರೆ 33 ಗೇಟುಗಳನ್ನೂ ಬದಲಿಸಬೇಕಾಗಿ ಬಂದು, 2025-26ರ ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾಯಿತು. ಮೂರು ವರ್ಷಗಳಲ್ಲಿ ಎರಡು ಸಲ ಬೇಸಿಗೆ ಭತ್ತ ಕೈತಪ್ಪಿತು. ಇಂಥ ವರ್ಷ ರೈತನಿಗೆ ಹಣದ ಅಡಚಣೆ. ಅವನಿಗೆ ಸಾಲ ಕೊಟ್ಟ ಗೊಬ್ಬರದಂಗಡಿಯವನಿಗೂ, ಭತ್ತ ಕೊಳ್ಳುವ ಮಿಲ್ಲಿನವನಿಗೂ ಅದೇ ಅಡಚಣೆ. ಒಳ್ಳೆಯ ವರ್ಷದಲ್ಲಿ ಪ್ಲಾಟಿಗೆ ಗಿರಾಕಿಗಳಾಗಿದ್ದವರೇ ಈಗ ಮಾರುವವರ ಸಾಲಿನಲ್ಲಿ ನಿಲ್ಲುತ್ತಾರೆ. ಹೊಲ ನಂಬಿದವನು ಅಪಾಯ ಹಂಚಿಕೊಳ್ಳಲೆಂದು ಪ್ಲಾಟು ಹಿಡಿಯುತ್ತಾನೆ, ಆದರೆ ಅವನ ಹೊಲಕ್ಕೂ ಪ್ಲಾಟಿಗೂ ನೀರು ಹಾಯುವುದು ಒಂದೇ ತೂಬಿನಿಂದ.

ಭೂಮಿಯ ಬೆಲೆ ಎಂದೂ ಇಳಿದಿಲ್ಲ ಎಂಬ ಮಾತು ಇಲ್ಲಿ ಎದುರಾಗುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹತ್ತಿಪ್ಪತ್ತು ವರ್ಷಗಳ ಹಿಂದೆ ಊರೊಳಗೆ ನಿವೇಶನ ಕೊಂಡವರಲ್ಲಿ ಬಹಳ ಮಂದಿಗೆ ಲಾಭವಾಗಿದೆ ಎಂಬುದು ನಿಜ. ಆದರೆ ಇಳಿದಿಲ್ಲವೆಂದು ಹೇಳುವುದು ಯಾವ ಬೆಲೆಯನ್ನು ನೋಡಿ? ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ದೊಡ್ಡ ನಗರಗಳದ್ದು, ಅದರಲ್ಲಿ ಸಿಂಧನೂರಾಗಲಿ ಲಿಂಗಸುಗೂರಾಗಲಿ ಇಲ್ಲ. ಇಲ್ಲಿ ನಾವು ಕೇಳುವುದು ದಲ್ಲಾಳಿ ಹೇಳಿದ ಬೆಲೆ, ಪಕ್ಕದ ಪ್ಲಾಟಿನವನು ಕೇಳುತ್ತಿರುವ ಬೆಲೆ. ಗಿರಾಕಿ ಇಲ್ಲದ ವರ್ಷ ಮಾಲೀಕ ಬೆಲೆ ಇಳಿಸುವುದಿಲ್ಲ, ಮಾರದೆ ಸುಮ್ಮನಿರುತ್ತಾನೆ. ವ್ಯವಹಾರವೇ ನಡೆಯದಿದ್ದಾಗ ಇಳಿದ ಬೆಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗೆ ಕಾಯಲು ಶಕ್ತಿ ಇರುವವನಿಗೆ ತೊಂದರೆಯಿಲ್ಲ. ತಿಂಗಳಿಗೆ ನೂರಕ್ಕೆ ಎರಡರಂತೆ ಕೈಸಾಲ ತಂದು ಪ್ಲಾಟು ಕೊಂಡವನಿಗೆ ಮಾತ್ರ ವರ್ಷಕ್ಕೆ ನೂರಕ್ಕೆ ಇಪ್ಪತ್ನಾಲ್ಕು ಬಡ್ಡಿ ಏರುತ್ತಲೇ ಇರುತ್ತದೆ.

ರೈಲು ಬರುತ್ತದೆ, ಊರು ಬೆಳೆಯುತ್ತದೆ ಎಂಬುದು ಇನ್ನೊಂದು ಭರವಸೆ. ರೈಲು ಬಂದದ್ದೂ ನಿಜ. ಗಿಣಿಗೇರಾ–ಮೆಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997-98ರಲ್ಲಿ, ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದು 2024ರಲ್ಲಿ. ಇಪ್ಪತ್ತಾರು-ಇಪ್ಪತ್ತೇಳು ವರ್ಷಗಳ ಕಾಯುವಿಕೆ. ವರ್ಷಕ್ಕೆ ಶೇ. 7ರ ಚಕ್ರಬಡ್ಡಿಯಲ್ಲಿ ಇಟ್ಟ 10 ಲಕ್ಷ ರೂಪಾಯಿ 27 ವರ್ಷಕ್ಕೆ ಸುಮಾರು 62 ಲಕ್ಷವಾಗುತ್ತದೆ. ರೈಲನ್ನು ನಂಬಿ ಕೊಂಡ ಪ್ಲಾಟು ಆರು ಪಟ್ಟಾಯಿತು ಎಂದು ಹಿಗ್ಗುವವರು ಈ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಲಿಂಗಸುಗೂರಿನ ಮೂಲಕ ಹೋಗಬೇಕಾದ ಗದಗ–ವಾಡಿ ಮಾರ್ಗಕ್ಕೆ 2013-14ರಲ್ಲಿ ಮಂಜೂರಾತಿ ಸಿಕ್ಕಿತು. 2025ರ ಮೇ ತಿಂಗಳಲ್ಲಿ ಆ ರೈಲು ಕುಷ್ಟಗಿ ಮುಟ್ಟಿತು, ಲಿಂಗಸುಗೂರು ಇನ್ನೂ ಮುಂದಿದೆ. ದಲ್ಲಾಳಿಗಳು ಆ ಸ್ಟೇಷನ್ನಿನ ಬೆಲೆಯನ್ನು ಇಂದೇ ಕೇಳಿದರೆ, ಮುಂದೆ ಬರಬಹುದಾದ ಲಾಭವನ್ನು ಕೊಳ್ಳುವವನು ಮೊದಲೇ ಕೊಟ್ಟುಬಿಟ್ಟಂತೆ.

ಮಸ್ಕಿಯ ಕಥೆ ಕಚೇರಿಗಳದ್ದು. 2017ರ ಬಜೆಟ್ಟಿನಲ್ಲಿ ತಾಲ್ಲೂಕು ಘೋಷಣೆಯಾದ ಮೇಲೆ ತಹಶೀಲ್ದಾರ್ ಕಚೇರಿಯ ಹೆಸರು ಹೇಳಿ ಪ್ಲಾಟು ಮಾರುವುದು ಸುಲಭವಾಯಿತು. ಕಚೇರಿಗಳಿಂದ ಊರು ಒಂದಿಷ್ಟು ಬೆಳೆಯುತ್ತದೆ, ನಿಜವೇ. ಆದರೆ ಎಷ್ಟು ಬೆಳೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಸುತ್ತಲಿನ ಹಳ್ಳಿಗಳ ಕೈಯಲ್ಲಿ ಆಡುವ ಹಣ, ಮತ್ತು ಆ ಹಳ್ಳಿಗಳಲ್ಲಿ ಹಲವು ತಮ್ಮ ಹೊಲಕ್ಕೆ ನೀರು ತರುವ 5ಎ ಕಾಲುವೆ ಬೇಕೆಂದು ವರ್ಷಗಟ್ಟಲೆ ಹೋರಾಡಿದಂಥವು. ಕಚೇರಿಯನ್ನೇ ನಂಬುವವರು ಲಿಂಗಸುಗೂರಿನ ಇತಿಹಾಸವನ್ನೂ ನೋಡಬಹುದು. ನಿಜಾಮರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿದ್ದ ಊರು ಅದು, 1905ರಲ್ಲಿ ಆ ಜಿಲ್ಲೆ ರದ್ದಾಗಿ ಊರು ರಾಯಚೂರು ಜಿಲ್ಲೆಯೊಳಗೆ ಸೇರಿಹೋಯಿತು. ಇಂದು ಲಿಂಗಸುಗೂರು ತಾಲ್ಲೂಕಿಗೆ ಇರುವ ಬಲ ಬೇರೆ. ಹಟ್ಟಿ ಚಿನ್ನದ ಗಣಿಯ ಸಂಬಳ ತುಂಗಭದ್ರೆಯ ನೀರನ್ನು ಕಾಯುವುದಿಲ್ಲ. ಮೂರೂ ಊರುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುವುದು ಇದಕ್ಕೇ.

ಸಂಬಳದವರು ಎಂದಾಗ ಕಾಗದಪತ್ರದ ಮಾತು ಬರಲೇಬೇಕು. ನಾಲೆಗೆ ನೀರಿಲ್ಲದ ವರ್ಷ ಕೊಳ್ಳುವ ಶಕ್ತಿ ಉಳಿಯುವುದು ಶಿಕ್ಷಕರು, ಗಣಿ ನೌಕರರು, ಬ್ಯಾಂಕಿನವರಂಥ ತಿಂಗಳ ಸಂಬಳದವರಿಗೆ. ಅವರಲ್ಲಿ ಹೆಚ್ಚಿನವರು ಕೊಳ್ಳುವುದು ಬ್ಯಾಂಕ್ ಸಾಲದಿಂದ. ಬ್ಯಾಂಕಿನ ವಕೀಲರು ಕೃಷಿಯೇತರ ಬಳಕೆಯ (ಎನ್‌ಎ) ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ, ಇ-ಖಾತೆ, ಹಳೆಯ ಪಹಣಿ ಮತ್ತು ಮುಟೇಶನ್, ವರ್ಷಾನುವರ್ಷದ ಋಣಭಾರ ಪತ್ರ ಎಲ್ಲವನ್ನೂ ಕೇಳುತ್ತಾರೆ. ಪಹಣಿಯಲ್ಲಿ ಇನ್ನೂ ಹೊಲವೆಂದೇ ಇರುವ ಜಮೀನನ್ನು ಗುಂಟೆ ಲೆಕ್ಕದಲ್ಲಿ ಹಂಚಿ, ಬಾಂಡ್ ಪೇಪರಿನ ಮೇಲೆ ಇಲ್ಲವೇ ಮುಖ್ತ್ಯಾರ್‌ನಾಮೆಯ ಮೇಲೆ ಬರೆದುಕೊಟ್ಟ ಪ್ಲಾಟು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಮುಖ್ತ್ಯಾರ್‌ನಾಮೆಯಿಂದ ಮಾಲೀಕತ್ವ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರಂತೂ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯಿಂದಾಗಿ, ಎಷ್ಟೇ ವರ್ಷ ಕಳೆದಿದ್ದರೂ ಮೂಲ ಮಂಜೂರಾತಿದಾರರ ಕುಟುಂಬ ಅದನ್ನು ಮರಳಿ ಕೇಳಬಹುದು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಇಂಥ ರೆವಿನ್ಯೂ ಪ್ಲಾಟಿಗೆ ಗಿರಾಕಿಯಾಗುವವನು ರೊಕ್ಕ ಕೈಯಲ್ಲಿಟ್ಟುಕೊಂಡವನು ಮಾತ್ರ. ಸುಗ್ಗಿ ಕೆಟ್ಟ ವರ್ಷ ಊರಲ್ಲಿ ಇಲ್ಲದಿರುವವನೂ ಅವನೇ.

ಸರ್ಕಾರ ಮುಂದೊಂದು ದಿನ ಸಕ್ರಮ ಮಾಡಿಯೇ ಮಾಡುತ್ತದೆ ಎನ್ನುವವರಿಗೆ ಎರಡು ಸಂಗತಿ. ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು. 2025ರಲ್ಲಿ ನಗರಸಭೆ, ಪುರಸಭೆಗಳಲ್ಲಿ ಬಿ-ಖಾತೆ ಕೊಡತೊಡಗಿದ್ದು 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಸ್ವತ್ತುಗಳಿಗೆ. ತೆರಿಗೆ ಕಟ್ಟಲು ಅದು ದಾರಿ ಮಾಡಿತು, ಬಡಾವಣೆಯನ್ನು ಅಧಿಕೃತಗೊಳಿಸಲಿಲ್ಲ. ಅದೇ ಹೊತ್ತಿಗೆ ಕಾನೂನು ಕೊಳ್ಳುವವನ ಕೈಗೂ ಒಂದು ಅಸ್ತ್ರ ಕೊಟ್ಟಿದೆ. 500 ಚದರ ಮೀಟರ್, ಅಂದರೆ ಸುಮಾರು ಐದು ಗುಂಟೆ ಮೀರಿದ ಲೇಔಟ್ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾಗಬೇಕು. ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಇಸಾರ ಕೊಡುವ ಮೊದಲು ರೇರಾ ಸಂಖ್ಯೆ ಕೇಳಿದರೆ ಲೇಔಟಿನವನು ತಡವರಿಸುತ್ತಾನೋ ಇಲ್ಲವೋ ನೋಡಿ. ಇಸಾರವನ್ನೂ ಬ್ಯಾಂಕಿನ ಮೂಲಕವೇ ಕೊಡಿ. 20,000 ರೂಪಾಯಿ ಇಲ್ಲವೇ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ, ವ್ಯವಹಾರ ಮುರಿದರೆ ನಗದಿಗೆ ಸಾಕ್ಷಿಯೂ ಇರುವುದಿಲ್ಲ.

ಇದರರ್ಥ ಯಾರೂ ಪ್ಲಾಟು ಕೊಳ್ಳಬಾರದು ಎಂದಲ್ಲ. ಇರಲು ಮನೆ ಕಟ್ಟುವವರಿಗೆ ಈ ಲೆಕ್ಕ ಅಷ್ಟಾಗಿ ಹತ್ತುವುದಿಲ್ಲ. ಎರೆಮಣ್ಣು ಹಿಗ್ಗಿ ಕುಗ್ಗುವುದರಿಂದ ಬುನಾದಿಗೆ ಹೆಚ್ಚು ಖರ್ಚು ಬರುತ್ತದೆ ಎಂಬುದನ್ನು ಗಮನದಲ್ಲಿಟ್ಟರೆ ಸಾಕು. ಹಟ್ಟಿಯ ನೌಕರನೊಬ್ಬ ಸಂಬಳದ ಉಳಿತಾಯದಲ್ಲಿ ಸಿಂಧನೂರಿನಲ್ಲಿ ಎನ್‌ಎ ಪ್ಲಾಟು ಕೊಂಡರೆ ಅವನ ಎರಡು ಆಧಾರಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಕೆಟ್ಟ ವರ್ಷ ಅವನು ಮಾರದೆ ಕಾಯಬಲ್ಲ. ಹತ್ತು ಎಕರೆ ಭತ್ತದ ರೈತನ ಸ್ಥಿತಿ ಹಾಗಲ್ಲ. ಮಗಳ ಮದುವೆಗೋ ಮಗನ ಓದಿಗೋ ಎಂದು ಅವನು ಪ್ಲಾಟು ಹಿಡಿದಿರುತ್ತಾನೆ, ಆ ಖರ್ಚಿನ ವರ್ಷ ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ, ನಾಲೆಗೆ ನೀರು ಬರುವ ವರ್ಷ ಮಾತ್ರ ಗೊತ್ತಿರುವುದಿಲ್ಲ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2 ಆದ ಮೇಲೆ, ಮುದ್ರಾಂಕವೂ ಸೇರಿ ಬೆಲೆಯ ಶೇ. 7.6ರಷ್ಟು ಕೊಳ್ಳುವಾಗಲೇ ಹೋಗುತ್ತದೆ, ದಲ್ಲಾಳಿಯ ಕಮಿಷನ್ ಬೇರೆ. ಐದಾರು ವರ್ಷದಲ್ಲಿ ಬೇಕಾಗುವ ಹಣವನ್ನು ಅವನು ಬ್ಯಾಂಕ್ ಠೇವಣಿಯಲ್ಲೋ ಅಂಚೆ ಕಚೇರಿಯ ಉಳಿತಾಯ ಪತ್ರದಲ್ಲೋ ಇಡಲಿ. ಅದು ಹೋಗಿ ಮಿಕ್ಕಿದ್ದರಲ್ಲಿ ಪ್ಲಾಟಿನ ಮಾತಾಡಲಿ.