ಕೆರೆಯ ಗೋಡು, ಜಲಾಶಯದ ಹೂಳು

ಬೇಸಗೆಯಲ್ಲಿ ಕೊಳ್ಳೇಗಾಲ, ಯಳಂದೂರು ಕಡೆಯ ಕೆರೆಗಳು ಬತ್ತಿದಾಗ ರೈತರು ತಳದ ಗೋಡುಮಣ್ಣನ್ನು ಹೊಲಕ್ಕೆ ಹೇರುವುದುಂಟು. ಏರಿಯ ಬಳಿಯ ಮಣ್ಣೇ ಅವರಿಗೆ ಮೆಚ್ಚುಗೆಯೇಕೆ?

ನಿಂತ ನೀರಿನಲ್ಲಿ ಸಣ್ಣ ಕಣವು ಇಳಿಯುವ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುವುದೆಂದು ಸ್ಟೋಕ್ಸನು 1851ರಲ್ಲಿ ತೋರಿಸಿದನು. 0.1 ಮಿಲಿಮೀಟರಿನ ಮರಳುಕಣವು ಒಂದು ಮೀಟರು ಇಳಿಯಲು ಸುಮಾರು ಎರಡು ನಿಮಿಷ ಸಾಕು, 0.002 ಮಿಲಿಮೀಟರಿನ ಜೇಡಿಕಣಕ್ಕೆ ಮೂರು ದಿನಕ್ಕೂ ಮಿಕ್ಕಿ ಬೇಕು. ಆದುದರಿಂದ ಮರಳು ಹಳ್ಳದ ಬಾಯಲ್ಲಿಯೇ ಉಳಿಯುತ್ತದೆ. ಜೇಡಿ ಏರಿಯವರೆಗೂ ತೇಲಿಬರುತ್ತದೆ. ನೀರನ್ನೂ ಸಸ್ಯಗಳ ಆಹಾರವನ್ನೂ ಹಿಡಿದಿಡುವ ಈ ಜೇಡಿಯು ಹನೂರಿನ ಕಡೆಯ ಕೆಂಪುಮಣ್ಣಿಗೆ ಹಿತ. (ಎರೆಹೊಲಕ್ಕೆ ಸುರಿದರೆ ಕೂಲಿ ದಂಡ.)

ಹಾಗಾದರೆ ದೊಡ್ಡ ಜಲಾಶಯಗಳನ್ನೂ ಹೀಗೆಯೇ ತೋಡಬಾರದೇಕೆ? ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರಿಗೆ ಎಡೆಯಿತ್ತು, 2016ರ ಅಳತೆಯಲ್ಲಿ ಉಳಿದುದು 105.8. ಹೂಳು ನುಂಗಿದ ಎಡೆಯಲ್ಲಿ ಒಂದೇ ಟಿ.ಎಂ.ಸಿ.ಯನ್ನು ಬಿಡಿಸಿಕೊಳ್ಳಲು 2.83 ಕೋಟಿ ಘನಮೀಟರು ಮಣ್ಣು ತೆಗೆಯಬೇಕು. ಟ್ರಾಕ್ಟರೊಂದು 3 ಘನಮೀಟರು ಹೊರುವುದೆಂದು ನಾವು ಲೆಕ್ಕಹಾಕಿದಾಗ ಬಂದುದು 94 ಲಕ್ಷ ಲೋಡು!

ಕೆರೆಯ ಲೆಕ್ಕವೇ ಬೇರೆ. 25 ಎಕರೆ ತಳದಲ್ಲಿ ಒಂದಡಿ ಗೋಡು ತೆಗೆದರೆ ಸುಮಾರು 10,000 ಲೋಡು. ದಿನಕ್ಕೆ 200ರಂತೆ ಸಾಗಿಸಿದರೆ 50 ದಿನ. ಯುಗಾದಿ ಕಳೆದೊಡನೆ ಕೈಹಚ್ಚಿದರೆ ಮುಂಗಾರಿಗೆ ಮುನ್ನ ಮುಗಿಯುತ್ತದೆ.