ಮ್ಯಾಂಡರಿನ್ ಮೀನಿನ ಆಹಾರ ಮತ್ತು ಪಾಲನೆ

ಮ್ಯಾಂಡರಿನ್ ಮೀನು (ವೈಜ್ಞಾನಿಕ ಹೆಸರು: ಸಿಂಕಿರೋಪಸ್ ಸ್ಪ್ಲೆಂಡಿಡಸ್) ಕ್ಯಾಲಿಯೋನಿಮಿಡೇ ಕುಟುಂಬಕ್ಕೆ ಸೇರಿದ ಒಂದು ಸಣ್ಣ ಕಡಲಮೀನು. ಜಪಾನಿನ ರ್ಯುಕ್ಯು ದ್ವೀಪಗಳಿಂದ ಆಸ್ಟ್ರೇಲಿಯಾದವರೆಗೆ, ಪಶ್ಚಿಮ ಪೆಸಿಫಿಕ್ ಸಾಗರದ ಹವಳದ ದಿಬ್ಬಗಳಲ್ಲಿ ಇದು ವಾಸಿಸುತ್ತದೆ. ಇದರ ನೀಲಿ-ಕಿತ್ತಳೆ ಬಣ್ಣಕ್ಕೆ ಮನಸೋತು ಅನೇಕರು ಇದನ್ನು ಉಪ್ಪುನೀರಿನ ಅಕ್ವೇರಿಯಂಗಳಲ್ಲಿ ಸಾಕುತ್ತಾರೆ. ಹೀಗೆ ಸಾಕಿದ ಮೀನುಗಳಲ್ಲಿ ಹಲವು ಹಸಿವಿನಿಂದಲೇ ಸಾಯುತ್ತವೆ.

ಆಹಾರ ಕ್ರಮ

ಈ ಮೀನಿನ ಬಾಯಿ ಬಹಳ ಚಿಕ್ಕದು. ಇದು ಬಂಡೆ ಮತ್ತು ಮರಳಿನ ಮೇಲೆ ನಿಧಾನವಾಗಿ ಚಲಿಸುತ್ತ, ಸೀಗಡಿಯ ದೂರದ ಬಂಧುಗಳಾದ ಕೋಪೆಪಾಡ್ ಎಂಬ ಅತಿ ಸಣ್ಣ ಜೀವಿಗಳನ್ನು ಹಗಲಿಡೀ ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ಆದುದರಿಂದ ದಿನಕ್ಕೆ ಒಂದೆರಡು ಬಾರಿ ಆಹಾರ ಹಾಕುವ ಪದ್ಧತಿ ಇದಕ್ಕೆ ಸಾಲದು. ಕಡಲಿನಿಂದ ಹಿಡಿದು ತಂದ ಮೀನುಗಳು ಸಾಮಾನ್ಯವಾಗಿ ಒಣ ಆಹಾರವನ್ನು ಮುಟ್ಟುವುದಿಲ್ಲ.

ಪಾಲನೆ

ಕನಿಷ್ಠ 6 ತಿಂಗಳು ಹಳೆಯದಾದ, ಹವಳದ ಕಲ್ಲುಗಳುಳ್ಳ ತೊಟ್ಟಿಯಲ್ಲಿ ಕೋಪೆಪಾಡ್‌ಗಳು ತಾವಾಗಿಯೇ ವೃದ್ಧಿಯಾಗಿರುತ್ತವೆ. ಅಂತಹ ತೊಟ್ಟಿಗೆ ಮಾತ್ರ ಈ ಮೀನನ್ನು ಬಿಡುವುದು ಉಚಿತ. ಮುಖ್ಯ ತೊಟ್ಟಿಗೆ ಜೋಡಿಸಿದ, ಮೀನುಗಳಿಲ್ಲದ ಇನ್ನೊಂದು ತೊಟ್ಟಿಯಲ್ಲಿ ಪಾಚಿಯೊಂದಿಗೆ ಕೋಪೆಪಾಡ್‌ಗಳನ್ನು ಬೆಳೆಸಿದರೆ ಆಹಾರ ನಿರಂತರವಾಗಿ ಹರಿದುಬರುತ್ತದೆ. ಅದೇ ಆಹಾರವನ್ನು ಕಬಳಿಸುವ ಚುರುಕು ಮೀನುಗಳನ್ನು ಜೊತೆಗಿಡಬಾರದು. ಕೆಲವು ಮೀನುಗಳಿಗೆ ಮೊದಲು ಜೀವಂತ ಆರ್ಟೀಮಿಯಾ ಕೊಟ್ಟು, ಕ್ರಮೇಣ ಶೈತ್ಯೀಕರಿಸಿದ ಆಹಾರವನ್ನು ರೂಢಿ ಮಾಡಿಸಬಹುದು. ಹೊಟ್ಟೆ ಒಳಸರಿದು ಬೆನ್ನು ಚೂಪಾಗಿ ಕಾಣುವುದು ಉಪವಾಸದ ಲಕ್ಷಣ. ಸಾಕಣೆ ಕೇಂದ್ರಗಳಲ್ಲಿಯೇ ಹುಟ್ಟಿ ಬೆಳೆದ ಮೀನುಗಳು ಸಿದ್ಧ ಆಹಾರವನ್ನು ಹೆಚ್ಚು ಸುಲಭವಾಗಿ ಸ್ವೀಕರಿಸುತ್ತವೆ.